ಎದೆಯ ಮೇಲೆ ಕೂತದ್ದು

ನಮ್ಮ ಅಜ್ಜಿ ತಲೆದಿಂಬಿನ ಕೆಳಗೆ ಒಂದು ಹಳೆಯ ಚಪ್ಪಲಿ ಇಟ್ಟುಕೊಂಡು ಮಲಗುತ್ತಿದ್ದಳು. ಅಥಣಿಯಲ್ಲಿ ಚಪ್ಪಲಿಗೇನು ಬರವಿಲ್ಲ. ಲೋಕ ಕೊಲ್ಹಾಪುರಿ ಎಂದು ಕರೆಯುವ ತೊಗಲಿನ ಚಪ್ಪಲಿ ಹೊಲಿಯುವ ಊರು ನಮ್ಮದು. ಆದರೆ ಈ ಚಪ್ಪಲಿ ದೆವ್ವಕ್ಕೆಂದು ಇಟ್ಟದ್ದು. "ರಾತ್ರಿ ಎದಿ ಮ್ಯಾಲ ಏನೋ ಬಂದು ಕುಂತಿತ್ತೋ. ಒದರಬೇಕಂದ್ರ ದನೀನ ಹೊಂಡಲಿಲ್ಲ" ಎನ್ನುತ್ತಿದ್ದಳು. ಆಗ ವಿಜ್ಞಾನ ಓದುತ್ತಿದ್ದ ನಾನು, "ಎರಡು ರೊಟ್ಟಿ ಕಡಿಮಿ ತಿನ್ನು, ದೆವ್ವ ಹೋಗ್ತದ" ಎಂದು ನಕ್ಕೆ. ಆಮೇಲೆ ಅವಳು ನನ್ನ ಮುಂದೆ ಆ ಮಾತು ಎತ್ತಲಿಲ್ಲ.

ಅವಳು ತೀರಿಕೊಂಡು ಕೆಲವು ವರ್ಷಗಳ ಮೇಲೆ, ರೊಮ್ಯಾಂಟಿಕ್ ಚಿತ್ರಕಲೆಯ ಪುಸ್ತಕವೊಂದರಲ್ಲಿ ಹೆನ್ರಿ ಫ್ಯೂಸ್ಲಿಯ 'ದಿ ನೈಟ್‌ಮೇರ್' ಕಂಡೆ. ಜ್ಯೂರಿಕ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಕಲಾವಿದ 1781ರಲ್ಲಿ ಬರೆದ ಚಿತ್ರ. ಮರುವರ್ಷ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡು ನೋಡಿದವರನ್ನು ಬೆಚ್ಚಿಬೀಳಿಸಿತು. ಬಿಳಿ ಉಡುಪಿನ ಹೆಣ್ಣೊಬ್ಬಳ ತಲೆ, ತೋಳು ಮಂಚದಿಂದ ಕೆಳಗೆ ಜೋತುಬಿದ್ದಿವೆ. ಎದೆಯ ಮೇಲೆ ಕುಕ್ಕರುಗಾಲಲ್ಲಿ ಕೂತ ಕುಳ್ಳ ಪಿಶಾಚಿ ನಮ್ಮತ್ತಲೇ ನೋಡುತ್ತಿದೆ. ಪರದೆಯ ಸಂದಿನಿಂದ ಕುದುರೆಯೊಂದು ಬೆಳ್ಳನೆಯ ಕುರುಡುಗಣ್ಣು ಬಿಟ್ಟು ಇಣುಕಿದೆ.

ಚಿತ್ರಗಳಲ್ಲಿ ದೆವ್ವ ಹೊಸದಲ್ಲ. ಅದುವರೆಗೆ ಅದು ಹೆಚ್ಚಾಗಿ ಪುರಾಣದಿಂದಲೋ ಬೈಬಲ್ಲಿನಿಂದಲೋ ಬರುತ್ತಿತ್ತು. ಇಲ್ಲಿ ಅಂಥ ಕಥೆಯೇ ಇಲ್ಲ. ಮಲಗಿದವಳೊಬ್ಬಳು, ಅವಳ ಮೇಲಿನ ಭಾರ, ಅಷ್ಟೇ. ಕನಸನ್ನೂ ಕನಸು ಕಾಣುವವಳನ್ನೂ ಫ್ಯೂಸ್ಲಿ ಒಂದೇ ಕೋಣೆಯಲ್ಲಿಟ್ಟ. ಮೇಜಿನ ಮೇಲಿನ ಶೀಸೆ ಎಷ್ಟು ನಿಜವೋ ಪಿಶಾಚಿಯೂ ಅಷ್ಟೇ ನಿಜ. 1799ರಲ್ಲಿ ಗೋಯಾ, ಮೇಜಿಗೆ ತಲೆಯಿಟ್ಟು ಮಲಗಿದವನ ಬೆನ್ನ ಹಿಂದಿನಿಂದ ಗೂಬೆ, ಬಾವಲಿಗಳನ್ನು ಎಬ್ಬಿಸಿದ. ಅವೂ ಹೊರಗಿನಿಂದ ಬಂದವಲ್ಲ.

'ನೈಟ್‌ಮೇರ್'ನಲ್ಲಿರುವ 'ಮೇರ್' ಮೂಲದಲ್ಲಿ ಹೆಣ್ಣುಕುದುರೆಯಲ್ಲ. ಮಲಗಿದವರ ಎದೆ ಅದುಮುವ ದೆವ್ವದ ಹಳೆಯ ಹೆಸರು. ಅಜ್ಜಿಗೆ ಗೊತ್ತಿದ್ದದ್ದು ಆ ಭಾಷೆಗೂ ಗೊತ್ತಿತ್ತು.

ವೈದ್ಯರು ಇದನ್ನು ನಿದ್ರಾ ಪಾರ್ಶ್ವವಾಯು ಎನ್ನುತ್ತಾರೆ. ಕನಸಿನ ಹೊತ್ತಿಗೆ ಸಡಿಲಗೊಂಡ ಸ್ನಾಯುಗಳು ಎಚ್ಚರವಾದ ಮೇಲೂ ಕೆಲ ಕ್ಷಣ ಸ್ವಾಧೀನಕ್ಕೆ ಬರುವುದಿಲ್ಲ. ವಿವರಣೆ ಸರಿಯೇ. ಆದರೆ ಅದು ಹೇಳುವುದು ಯಾಕಾಗುತ್ತದೆ ಎಂದು. ಹೇಗಿರುತ್ತದೆ ಎಂಬುದನ್ನು ಫ್ಯೂಸ್ಲಿ ಬರೆದ, ಅಜ್ಜಿ ಹೇಳಿದಳು. ನಾನಾದರೋ ಸರಿಯಾದ ವಿವರಣೆಯನ್ನೂ ಕೊಡಲಿಲ್ಲ, ಅರ್ಧಕ್ಕೇ ಬಾಯಿ ಮುಚ್ಚಿಸಿದೆ.

ಫ್ಯೂಸ್ಲಿಯ ಚಿತ್ರ ಇಂದು ಡೆಟ್ರಾಯಿಟ್‌ನ ವಸ್ತುಸಂಗ್ರಹಾಲಯದಲ್ಲಿದೆ. ಜನ ನಿಂತು ನೋಡುತ್ತಾರೆ. ಅಜ್ಜಿ ಸುಮ್ಮನಾದದ್ದಕ್ಕೆ ಅವಳ ದೆವ್ವ ಹೋಯಿತೆಂದೇ ನಾನು ತಿಳಿದಿದ್ದೆ. ಅವಳ ಹಾಸಿಗೆ ಮಡಚಿದ ದಿನ, ದಿಂಬಿನ ಕೆಳಗೆ ಚಪ್ಪಲಿ ಇನ್ನೂ ಇತ್ತು.