ಹೆಸರಿಲ್ಲದ ಎಣ್ಣೆ

ನಮ್ಮ ಹಾವೇರಿ ಕಡೆ ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಅಡುಗೆಗೂ ಎಣ್ಣೆ, ತಲೆಗೂ ಎಣ್ಣೆ, ಹತ್ತಿಯ ಹುಳಕ್ಕೂ ಎಣ್ಣೆ. ಮೈಸೂರು ಸೀಮೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಔಷಧಿ ಎಂದೇ ಕರೆಯುತ್ತಾರೆ. ಅಷ್ಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಈ ಮಾತಿನೊಳಗಿರುವ ಅಪಾಯ ಹೊಳೆದದ್ದು ಬಹಳ ತಡವಾಗಿ. 2015ರ ಬೇಸಿಗೆಯ ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಒಬ್ಬ ತಾಯಿ ಬಂದು ಕುಳಿತಳು.

ಆಕೆಯ ಮಗಳು ನನ್ನ ವಿದ್ಯಾರ್ಥಿನಿ. ಹತ್ತನೆಯ ತರಗತಿ ಪಾಸಾಗಿ ಪೇಟೆಯ ಕಾಲೇಜಿಗೆ ಸೇರಿದ್ದಳು. ದುಂಡಾದ ಅಕ್ಷರ, ನೋಟುಪುಸ್ತಕಗಳಿಗೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ತಾನೇ ಹೊದಿಸಿಕೊಳ್ಳುತ್ತಿದ್ದಳು. 2014ರ ಶ್ರಾವಣದಲ್ಲಿ ತೀರಿಕೊಂಡಳು. 'ಎಣ್ಣಿ ಕುಡದ್ಲಂತ' ಎಂದಿತು ಊರು, ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹದಿನೇಳರ ಹುಡುಗಿ ಹೀಗೆ ಹೋದರೆ ಊರಿಗೆ ಒಂದು ಕಾರಣ ಬೇಕು, ಸಿಗದಿದ್ದರೆ ತಾನೇ ಕಟ್ಟಿಕೊಳ್ಳುತ್ತದೆ. ಒಬ್ಬರು ಪ್ರೇಮ ಎಂದರು, ಇನ್ನೊಬ್ಬರು ಅದಕ್ಕಿಂತ ಕೆಟ್ಟದ್ದನ್ನು ಹೇಳಿದರು.

ತಾಯಿ ತಂದಿದ್ದುದು ಪ್ರಯೋಗಾಲಯದ ವರದಿಯ ಝೆರಾಕ್ಸ್ ಪ್ರತಿ. ಎಂಟು ತಿಂಗಳಿಗೆ ಬಂದಿತ್ತು. ಪೂರ್ತಿ ಇಂಗ್ಲಿಷು.

"ಅಕ್ಕೋರ, ಇದರಾಗ ಏನ್ ಬರದೈತಿ, ಓದಿ ಹೇಳ್ರಿ."

ಓದಿದೆ. ಮೊಹರು ಮಾಡಿದ ಬಾಟಲಿಗಳು ಎಷ್ಟು ಬಂದವು, ಮೊಹರು ಸರಿಯಾಗಿತ್ತೇ ಇತ್ಯಾದಿ. ಕೊನೆಗೆ ಒಂದೇ ವಾಕ್ಯ: ಇಂಥ ಕೀಟನಾಶಕದ ಅಂಶ ಪತ್ತೆಯಾಗಿದೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಂಥ ವಿಳಾಸವನ್ನು ಅಚ್ಚು ಹಾಕಿಸಬಾರದು. ಹುಡುಗಿಯ ಮನಸ್ಸಿನ ಬಗ್ಗೆಯಾಗಲಿ, ಊರಿನವರ ಮಾತಿನ ಬಗ್ಗೆಯಾಗಲಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ತಾಯಿ ಎಂಟು ತಿಂಗಳು ಕಾದಿದ್ದು ಅದಕ್ಕಾಗಿಯೇ.

"ಅಷ್ಟ ಏನ್ರಿ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಡಬ್ಬಿ ಮಂಚದ ಕೆಳಗ ಇತ್ರಿ. ಪೆಟಗ್ಯಾಗ ಇಟ್ಟು ಕೀಲಿ ಹಾಕಿದ್ರ ನನ್ನ ಮಗಳು ಉಳೀತಿದ್ಲೇನ್ರಿ?"

"ಹಣೆಬರಹವಾ, ಯಾರೇನ್ ಮಾಡಾಕ ಬರತೈತಿ" ಎಂದೆ. ಬಿ.ಎ., ಬಿ.ಎಡ್. ಮಾಡಿದವಳ ಬಾಯಿಂದ ಬಂದ ಉತ್ತರ ಅದು. ಆಕೆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಎದ್ದಳು. ನನ್ನ ಮಾತು ನನಗೇ ಕಹಿಯಾಗಿ ಉಳಿಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಧಿವಿಜ್ಞಾನ ಪ್ರಯೋಗಾಲಯವೊಂದರ ವಿಷ ಪರೀಕ್ಷಾ ವಿಭಾಗದಲ್ಲಿ ಕೆಲಸಕ್ಕಿದ್ದಾನೆ. ದೀಪಾವಳಿಗೆ ಬಂದಾಗ ಅವನನ್ನು ಕೂರಿಸಿಕೊಂಡು ಕೇಳಿದೆ. ಮರಣೋತ್ತರ ಪರೀಕ್ಷೆಯ ವೈದ್ಯರು ಅಂಗಗಳ ತುಣುಕುಗಳನ್ನು ಉಪ್ಪಿನ ದ್ರಾವಣದಲ್ಲಿ ಹಾಕಿ ಮೊಹರು ಮಾಡಿ ಕಳಿಸುತ್ತಾರಂತೆ. ನಮ್ಮ ಉಪ್ಪಿನಕಾಯಿಯ ಉಪ್ಪೇ! ಪೊಲೀಸಿನವರು ಅದನ್ನು ತಂದು ಒಪ್ಪಿಸುತ್ತಾರೆ. ಅದರಲ್ಲಿರುವ ವಿಷವನ್ನು ದ್ರಾವಕದಲ್ಲಿ ಬೇರ್ಪಡಿಸಿ, ಲೇಪ ಹಚ್ಚಿದ ತಗಡಿನ ಮೇಲೆ ಹರಿಯಬಿಟ್ಟರೆ ಒಂದೊಂದು ವಸ್ತು ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತದೆ. ಆಮೇಲೆ ಗ್ಯಾಸ್ ಕ್ರೊಮಾಟೋಗ್ರಫಿ ಯಂತ್ರದಲ್ಲಿ ಖಚಿತಪಡಿಸಿಕೊಳ್ಳುತ್ತಾರೆ.

"ಯಾಕಂತ ನಾವು ಹೇಳಾಂಗಿಲ್ರಿ ಅಕ್ಕೋರ. ಯಾವ್ದು ಅಂತ ಹೇಳತೀವಿ, ಅಷ್ಟ" ಎಂದ.

ಈ ವಿದ್ಯೆ ಬೆಳೆದದ್ದೇ ಕೊಲೆಗಾರರನ್ನು ಹಿಡಿಯಲು. ಪ್ಯಾರಿಸಿನಲ್ಲಿದ್ದ ಓರ್ಫಿಲಾ ಎಂಬ ವೈದ್ಯ 1814ರಲ್ಲಿ ವಿಷಗಳ ಬಗ್ಗೆ ದೊಡ್ಡ ಗ್ರಂಥ ಬರೆದ. ಇಂಗ್ಲೆಂಡಿನ ಮಾರ್ಷ್ 1836ರಲ್ಲಿ ಆರ್ಸೆನಿಕ್ ಪತ್ತೆಹಚ್ಚುವ ಪರೀಕ್ಷೆಯನ್ನು ಪ್ರಕಟಿಸಿದ. ಅವರ ಮುಂದಿದ್ದ ಪ್ರಶ್ನೆ, ವಿಷ ಹಾಕಿದವರು ಯಾರು ಎಂಬುದು. ನಮ್ಮ ಹುಡುಗಿಯಂಥವರ ವಿಷಯದಲ್ಲಿ ಹಿಡಿಯಬೇಕಾದ ಕೈ ಯಾವುದೂ ಇರುವುದಿಲ್ಲ. ಹಾಗಾದರೆ ಹೆಸರು ಗೊತ್ತಾಗಿ ಏನು ಪ್ರಯೋಜನ? ಅದಕ್ಕೆ ಹುಡುಗ ಶ್ರೀಲಂಕೆಯ ಕತೆ ಹೇಳಿದ. ಮುಂದೆ ತಾನು ಓದಿದ ಲೇಖನಗಳನ್ನೂ ಕಳಿಸುತ್ತಿದ್ದ. ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ.

1995ರ ಸುಮಾರಿಗೆ ಶ್ರೀಲಂಕೆಯಲ್ಲಿ ಲಕ್ಷ ಜನರಲ್ಲಿ ವರ್ಷಕ್ಕೆ 47 ಮಂದಿ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು. ಲೋಕದಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೊಂದು. ಬಹಳಷ್ಟು ಸಾವು ಹೊಲದ ವಿಷದಿಂದಲೇ. ಬದುಕುಳಿದವರನ್ನು ಅಲ್ಲಿಯ ಆಸ್ಪತ್ರೆಗಳಲ್ಲಿ ಮಾತಾಡಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನ ಅರ್ಧ ಗಂಟೆಯೂ ಯೋಚಿಸಿರಲಿಲ್ಲವೆಂದು ತಿಳಿಯಿತು. ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡಿದ್ದರು. ಅಂದಮೇಲೆ ಕೈಗೆ ಸಿಗುವುದು ಯಾವುದು ಎಂಬುದೇ ಸಾವು ಬದುಕಿನ ಪ್ರಶ್ನೆ. ಅನುರಾಧಪುರ ಮತ್ತು ಪೊಲೊನ್ನರುವ ಆಸ್ಪತ್ರೆಗಳಲ್ಲಿ ಮೈಕೇಲ್ ಎಡಲ್‌ಸ್ಟನ್ ಮತ್ತು ಜೊತೆಯ ವೈದ್ಯರು ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಒಂದೇ ರಾಸಾಯನಿಕ ಗುಂಪಿನ ಮೂರು ಕೀಟನಾಶಕಗಳು. ಮೂರಕ್ಕೂ ಚಿಕಿತ್ಸೆ ಒಂದೇ. ಆದರೆ ಒಂದರಿಂದ ಉಳಿದುಕೊಂಡವರಷ್ಟು ಜನ ಇನ್ನೊಂದರಿಂದ ಉಳಿಯಲಿಲ್ಲ. ರಕ್ತ ಪರೀಕ್ಷಿಸಿ ಯಾವುದು ಯಾವುದೆಂದು ಬೇರ್ಪಡಿಸಿದ್ದರಿಂದ ಮಾತ್ರ ಈ ವ್ಯತ್ಯಾಸ ಕಾಣಿಸಿತು. 'ಎಣ್ಣೆ' ಎಂದಷ್ಟೇ ಬರೆದುಕೊಂಡಿದ್ದರೆ ಎಂದೂ ಕಾಣುತ್ತಿರಲಿಲ್ಲ.

ಶ್ರೀಲಂಕೆಯವರು ಅತಿ ಘಾತಕವಾದವನ್ನು ಒಂದೊಂದಾಗಿ ನಿಷೇಧಿಸುತ್ತ ಬಂದರು. 1995ರಲ್ಲಿ ಕೆಲವು, 1998ರಲ್ಲಿ ಎಂಡೋಸಲ್ಫಾನ್, 2008ರಿಂದ ಮತ್ತೆ ಮೂರು. ಇಪ್ಪತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಶೇಕಡಾ 70ರಷ್ಟು ಇಳಿಯಿತು. ಸುಮಾರು 93,000 ಜೀವ ಉಳಿದಿರಬೇಕೆಂದು ಅಂದಾಜು. ಬೆಳೆಯ ಇಳುವರಿ ಕುಸಿಯಲಿಲ್ಲ. ಅಲ್ಲಿ ಜಗಳ, ಸಾಲ, ಕುಡಿತ, ಸಿಟ್ಟು ಯಾವುದೂ ಕಡಿಮೆಯಾದದ್ದಲ್ಲ. ವಿಷ ತೆಗೆದುಕೊಂಡು ಆಸ್ಪತ್ರೆಗೆ ಬರುವವರೂ ಬರುತ್ತಲೇ ಇದ್ದರು. ಆದರೆ ಅವರಲ್ಲಿ ಹೆಚ್ಚು ಜನ ಮನೆಗೆ ನಡೆದು ಹೋದರು. ಹಾಗೆ ಬದುಕಿ ಬಂದವರಲ್ಲಿ ಬಹುಪಾಲು ಜನ ಮುಂದೆಯೂ ಬದುಕುತ್ತಾರೆ ಎಂಬುದನ್ನು ನಾನು ಎರಡು ಸಲ ಓದಿದೆ.

ನಮ್ಮಲ್ಲಿ? 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿತು. ನಾಲ್ಕರಲ್ಲಿ ಒಂದು ಪಾಲು ವಿಷದ್ದು. ಆದರೆ ಆ ಕೋಷ್ಟಕದಲ್ಲಿ 'ಕೀಟನಾಶಕ' ಎಂಬುದು ಒಂದೇ ಮನೆ. ಯಾವ ಕೀಟನಾಶಕ ಎಂದು ಇಲ್ಲ. ನನ್ನ ವಿದ್ಯಾರ್ಥಿ ಕಣ್ಣು ನೋಯಿಸಿಕೊಂಡು ಬೇರ್ಪಡಿಸಿದ ಹೆಸರು ಠಾಣೆಯ ಕಡತದವರೆಗೆ ಹೋಗಿ, ಲೆಕ್ಕದೊಳಗೆ ಮತ್ತೆ 'ಎಣ್ಣೆ'ಯೇ ಆಗಿಬಿಡುತ್ತದೆ. ಹಳ್ಳಿಯವರನ್ನು ಅಂದು ಏನು ಬಂತು!

ಆ ತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ. ಅದೂ ಅನುರಾಧಪುರದ ಕಡೆಯದೇ. 180 ಹಳ್ಳಿ, 50,000ಕ್ಕೂ ಹೆಚ್ಚು ಮನೆ. ಅರ್ಧ ಹಳ್ಳಿಗಳ ಮನೆಗಳಿಗೆ ಕೀಲಿ ಹಾಕುವ ಪೆಟ್ಟಿಗೆ ಕೊಟ್ಟು, ವಿಷವನ್ನು ಅದರಲ್ಲೇ ಇಡಿ ಎಂದರು. ವರ್ಷಗಳ ನಂತರ ನೋಡಿದರೆ ಪೆಟ್ಟಿಗೆ ಕೊಟ್ಟ ಹಳ್ಳಿಗಳಲ್ಲಿ ವಿಷ ಸೇವನೆ ಕಡಿಮೆಯಾಗಿರಲಿಲ್ಲ. ದೇಶದ ಬಾಗಿಲಲ್ಲೇ ತಡೆದದ್ದು ಜೀವ ಉಳಿಸಿತು. ಮನೆಮನೆಯ ಕೀಲಿ ಉಳಿಸಲಿಲ್ಲ. ಒಂದು ಮಗುವಿನ ವಿಷಯದಲ್ಲಿ ಹೀಗೇ ಆಗುತ್ತಿತ್ತು ಎಂದು ಯಾವ ಅಧ್ಯಯನವೂ ಹೇಳಲಾರದು, ಬಲ್ಲೆ. ಆದರೂ ಹಣೆಬರಹಕ್ಕಿಂತ ಇದು ಪ್ರಾಮಾಣಿಕವಾದ ಉತ್ತರ.

ನಮ್ಮ ಸರಕಾರ 2018ರ ಆಗಸ್ಟಿನಲ್ಲಿ ಹದಿನೆಂಟು ಕೀಟನಾಶಕಗಳ ಮೇಲೆ ಆದೇಶ ಹೊರಡಿಸಿತು. ಹನ್ನೆರಡಕ್ಕೆ ಕೂಡಲೇ ನಿಷೇಧ, ಆರಕ್ಕೆ 2020ರ ಕೊನೆಯವರೆಗೆ ಗಡುವು. ಹುಡುಗ ಪಟ್ಟಿ ಕಳಿಸಿದ. ವರದಿಯಲ್ಲಿ ಓದಿದ್ದ ಹೆಸರು ಅದರಲ್ಲಿತ್ತು. ಹುಡುಗಿ ಹೋಗಿ ಆಗ ನಾಲ್ಕು ವರ್ಷವಾಗಿತ್ತು.

ನಮ್ಮ ಶಾಲೆಯ ಗೋಡೆಯ ಮೇಲೆ ಈಗ 14416 ಎಂದು ದೊಡ್ಡದಾಗಿ ಬರೆಸಿದ್ದೇನೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ ಅದು. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹುಡುಗಿಯರು ಅದನ್ನು ಗಣಿತದ ಸಂಖ್ಯೆಯಂತೆ ಬಾಯಿಪಾಠ ಮಾಡಿದ್ದಾರೆ.

ಗಡುವು ಮುಗಿದ ಮೇಲೆ, 2021ರ ಸುಗ್ಗಿಯಲ್ಲಿ, ತಾಯಿಯ ಮನೆಗೆ ಹೋದೆ. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನಾನೂ ಕೂತು ಸುಲಿಯುತ್ತ ಪೆಟ್ಟಿಗೆಯ ಕತೆ, ಪಟ್ಟಿಯ ಕತೆ ಎರಡನ್ನೂ ಹೇಳಿದೆ. ಆಕೆಯ ಕೈ ನಿಂತಿತು.

"ಹಂಗಂದ್ರ ಕೀಲಿ ಹಾಕಿದ್ರೂ..."

"ಕೀಲಿ ಹಾಕಲಿಲ್ಲ ಅಂತ ನಿನ್ನ ನೀ ಬೈಕೋಬ್ಯಾಡ. ಅದನ್ನ ಅಂಗಡ್ಯಾಗ ಇಡಾಕ ಬಿಟ್ಟಿದ್ದ ತಪ್ಪು."

ಬಹಳ ಹೊತ್ತು ಆಕೆ ಮಾತಾಡಲಿಲ್ಲ. ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದು ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿದ್ದ ಆ ಝೆರಾಕ್ಸ್ ಪ್ರತಿಯನ್ನೂ ಮೊಮ್ಮಗನ ಪೆನ್ನನ್ನೂ ತಂದಳು.

"ಆ ಹೆಸರ ಕನ್ನಡದಾಗ ಬರದ ಕೊಡ್ರಿ ಅಕ್ಕೋರ. ನಾಳೆ ಸಂತಿ ಐತಿ. ಅಂಗಡ್ಯಾಗ ಈಗೂ ಮಾರತಾರೇನಂತ ಕೇಳಿ ನೋಡತೀನಿ."