ಕಲ್ಲು ಒಡೆದವರ ಆಸ್ಪತ್ರೆ

ಪ್ಯಾರಿಸ್‌ಗೆ ಹೋಗುವವರ ಪಟ್ಟಿಯಲ್ಲಿ ಐಫೆಲ್ ಗೋಪುರ, ಲೂವ್ರ್ ಸಂಗ್ರಹಾಲಯ, ಸೇನ್ ನದಿಯ ದೋಣಿ ವಿಹಾರ ಇದ್ದೇ ಇರುತ್ತವೆ. ಆಸ್ಪತ್ರೆಯೊಂದು ಆ ಪಟ್ಟಿಗೆ ಸೇರುವುದು ಕಾಯಿಲೆ ಬಿದ್ದಾಗ ಮಾತ್ರ! ಆದರೂ ವೈದ್ಯನಾಗುವ ಕನಸಿರುವ ವಿದ್ಯಾರ್ಥಿಗೆ ಆ ಊರಿನಲ್ಲಿ ಅರ್ಧ ದಿನ ಬಿಡುವು ಸಿಕ್ಕರೆ ಮೆಟ್ರೋ ಹಿಡಿದು ‘ದ್ಯುರೋಕ್’ ನಿಲ್ದಾಣದಲ್ಲಿ ಇಳಿಯುವುದು ಒಳ್ಳೆಯದು. ಮೇಲೆ ಬಂದರೆ ಒಂದು ಕಡೆ 1973ರಲ್ಲಿ ಪೂರ್ಣಗೊಂಡ ಮೊಂಪಾರ್ನಾಸ್ ಗೋಪುರ ಕಪ್ಪಗೆ ಎತ್ತರಕ್ಕೆ ನಿಂತಿರುತ್ತದೆ. ಇನ್ನೊಂದು ಕಡೆ ಸೆವ್ರ್ ರಸ್ತೆಯುದ್ದಕ್ಕೂ ಆಸ್ಪತ್ರೆಯ ಗೋಡೆ. ಇದೇ ನೆಕ್ಕರ್ ಆಸ್ಪತ್ರೆ. ಸ್ವಲ್ಪ ದೂರ ನಡೆದರೆ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟ ಪಾಶ್ಚರರ ಸಂಸ್ಥೆಯೂ ಸಿಗುತ್ತದೆ.

ನೆಕ್ಕರ್ ಎಂಬುದು ವೈದ್ಯರ ಹೆಸರಲ್ಲ. 16ನೇ ಲೂಯಿ ದೊರೆಯ ಹಣಕಾಸು ಮಂತ್ರಿ ಝಾಕ್ ನೆಕ್ಕರ್ ಎಂಬಾತನ ಹೆಂಡತಿ ಸುಜಾನ್ ನೆಕ್ಕರ್, 1778ರಲ್ಲಿ, ಸನ್ಯಾಸಿನಿಯರು ಬಿಟ್ಟುಹೋಗಿದ್ದ ಹಳೆಯ ಮಠವೊಂದರಲ್ಲಿ ಈ ಆಸ್ಪತ್ರೆ ತೆರೆದಳು. ಆಗ ಪ್ಯಾರಿಸ್‌ನ ದೊಡ್ಡ ಧರ್ಮಾಸ್ಪತ್ರೆ ಓತೆಲ್ ದ್ಯೂ. ಅಲ್ಲಿ ಒಂದೇ ಮಂಚದ ಮೇಲೆ ಮೂರು ನಾಲ್ಕು ರೋಗಿಗಳು ಮಲಗುವುದು ಮಾಮೂಲಾಗಿತ್ತು. ಜ್ವರದವನ ಪಕ್ಕ ಗಾಯದವನು, ಅವನ ಪಕ್ಕ ಸಾಯುತ್ತಿರುವವನು. ಸುಜಾನ್ ನೆಕ್ಕರ್ ತನ್ನ ಆಸ್ಪತ್ರೆಗೆ ಹಾಕಿಕೊಂಡ ನಿಯಮ ಸರಳ: ಒಬ್ಬ ರೋಗಿಗೆ ಒಂದು ಹಾಸಿಗೆ. ಈಗ ಇದೇನು ಮಹಾ ಎನ್ನಿಸಬಹುದು. ಆ ಕಾಲಕ್ಕೆ ಅದು ಕ್ರಾಂತಿಯೇ. 1816ರಲ್ಲಿ ಇಲ್ಲಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕಿವಿಗೊಟ್ಟ. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ಆ ಕಥೆ ಶಾಲೆಯ ಪಾಠಗಳಲ್ಲೂ ಬರುತ್ತದೆ. ಆದರೆ ಅದೇ ಆಸ್ಪತ್ರೆಯಲ್ಲಿ ಬೆಳೆದ ಮೂತ್ರರೋಗಗಳ ವಿಭಾಗದ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಮೂತ್ರದ ಮಾತೆತ್ತಲು ಜನರಿಗೆ ಇರುವ ಸಂಕೋಚವೂ ಇದಕ್ಕೆ ಕಾರಣವಿರಬಹುದು.

ಮೂತ್ರಕೋಶದಲ್ಲಿ ಕಲ್ಲು ಬೆಳೆಯುವ ಕಾಯಿಲೆ ಬಹಳ ಹಳೆಯದು. ನಮ್ಮ ಸುಶ್ರುತ ಸಂಹಿತೆ ಅದನ್ನು ‘ಅಶ್ಮರಿ’ ಎಂದು ಕರೆದು, ಕೊಯ್ದು ತೆಗೆಯುವ ಕ್ರಮವನ್ನು ವಿವರಿಸುತ್ತದೆ. ಈ ಶಸ್ತ್ರಕ್ರಿಯೆಯ ಅಪಾಯವನ್ನೂ ಮುಚ್ಚಿಡುವುದಿಲ್ಲ. ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನ ಪ್ರತಿಜ್ಞೆಯಲ್ಲಂತೂ ಕಲ್ಲಿನ ರೋಗಿಯನ್ನು ವೈದ್ಯ ತಾನು ಕೊಯ್ಯುವುದಿಲ್ಲ, ಆ ಕೆಲಸ ಬಲ್ಲವರಿಗೆ ಬಿಡುತ್ತೇನೆ ಎಂಬ ಮಾತಿದೆ. 19ನೇ ಶತಮಾನದ ಆರಂಭದಲ್ಲೂ ಪರಿಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ಅರಿವಳಿಕೆ ಬಂದದ್ದು 1846ರಲ್ಲಿ. ಅದಕ್ಕೆ ಮುಂಚೆ ರೋಗಿಯನ್ನು ಕಟ್ಟಿಹಾಕಿ, ಇಬ್ಬರು ಮೂವರು ಹಿಡಿದುಕೊಂಡು, ಕಾಲುಗಳ ನಡುವೆ ಕೊಯ್ದು ಕಲ್ಲನ್ನು ಇಕ್ಕಳದಿಂದ ಎಳೆಯುತ್ತಿದ್ದರು. ಶಸ್ತ್ರವೈದ್ಯನ ಹೆಗ್ಗಳಿಕೆ ಇದ್ದದ್ದು ಎಷ್ಟು ಬೇಗ ಮುಗಿಸುತ್ತಾನೆ ಎಂಬುದರಲ್ಲಿ. ಕೊಯ್ಸಿಕೊಂಡವರಲ್ಲಿ ಸುಮಾರು ಐವರಿಗೊಬ್ಬರು ಸಾಯುತ್ತಿದ್ದರು.

ಫ್ರಾನ್ಸಿನ ಓವೆರ್ನ್ ಬೆಟ್ಟಗಾಡಿನಲ್ಲಿ 1792ರಲ್ಲಿ ಹುಟ್ಟಿದ ಝಾನ್ ಸಿವಿಯಾಲ್ ಪ್ಯಾರಿಸ್‌ನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಇದನ್ನು ನೋಡಿದ್ದ. ಕೊಯ್ಯದೆ ಕಲ್ಲನ್ನು ತೆಗೆಯಲಾಗದೇ ಎಂಬ ಯೋಚನೆ ಅವನನ್ನು ಹಿಡಿಯಿತು. ಮೊದಲು ಹೊಳೆದದ್ದು ರಾಸಾಯನಿಕದಿಂದ ಕಲ್ಲನ್ನು ಮೂತ್ರಕೋಶದ ಒಳಗೇ ಕರಗಿಸುವ ಉಪಾಯ. ಅದು ಕೈಗೂಡಲಿಲ್ಲ. ಹಾಗಾದರೆ ಪುಡಿ ಮಾಡಬಾರದೇಕೆ? ಅವನು ರೂಪಿಸಿದ ಸಲಕರಣೆ ಹೀಗಿತ್ತು: ಮೂತ್ರನಾಳದ ಮೂಲಕ ಒಳಹೋಗುವ ನೇರವಾದ ಲೋಹದ ಕೊಳವೆ. ಅದರೊಳಗೆ ಇನ್ನೊಂದು ಕೊಳವೆ, ಅದರ ತುದಿಯಲ್ಲಿ ಮೂರು ಉಗುರುಗಳು. ಮೂತ್ರಕೋಶಕ್ಕೆ ಮೊದಲು ನೀರು ತುಂಬಿಸಬೇಕು. ಒಳಗೆ ಹೋದ ಮೇಲೆ ಉಗುರುಗಳು ಬಿಚ್ಚಿಕೊಂಡು ಕಲ್ಲನ್ನು ಹಿಡಿಯುತ್ತವೆ. ನಡುವೆ ಒಂದು ಬೈರಿಗೆ. ಹೊರಗಿನಿಂದ ಬಡಗಿಗಳು ಮಾಡುವಂತೆ ಬಿಲ್ಲಿನ ಹಗ್ಗ ಸುತ್ತಿ ಎಳೆದರೆ ಅದು ಗರಗರ ತಿರುಗಿ ಕಲ್ಲನ್ನು ಕೊರೆಯುತ್ತದೆ. ಚೂರುಗಳು ಮೂತ್ರದ ಜೊತೆ ಹೊರಬೀಳುತ್ತವೆ. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಕೆಲವು ದಿನ ಬಿಟ್ಟು ಮತ್ತೆ ಕೊರೆಯಬೇಕು. ಇದೆಲ್ಲ ಅರಿವಳಿಕೆಯಿಲ್ಲದೆ ನಡೆಯುತ್ತಿತ್ತು ಎಂಬುದನ್ನು ಮರೆಯಬಾರದು. ವೈದ್ಯನಿಗೆ ಒಳಗೇನಾಗುತ್ತಿದೆ ಎಂಬುದು ಕಾಣುತ್ತಲೂ ಇರಲಿಲ್ಲ. ಬೆರಳ ತುದಿಗೆ ಏನು ತಿಳಿಯುತ್ತದೋ ಅಷ್ಟೇ.

1824ರ ಜನವರಿ 13ರಂದು ವಿಜ್ಞಾನ ಅಕಾಡೆಮಿಯ ಪ್ರತಿನಿಧಿಗಳ ಎದುರಿನಲ್ಲೇ ಸಿವಿಯಾಲ್ ಈ ಕೆಲಸ ಮಾಡಿ ತೋರಿಸಿದ. ರೋಗಿ ಬದುಕಿದ. ಕೂಡಲೇ ಜಗಳಗಳೂ ಹುಟ್ಟಿಕೊಂಡವು. ಲೆರ್ವಾ ದೆತ್ಯೋಲ್ ಮೊದಲಾದ ಸಮಕಾಲೀನರು ಉಪಾಯ ಮೊದಲು ಹೊಳೆದದ್ದು ತಮಗೇ ಎಂದು ವರ್ಷಗಟ್ಟಲೆ ವಾದಿಸಿದರು. ಸಲಕರಣೆಯ ಒಂದೊಂದು ಭಾಗ ಒಬ್ಬೊಬ್ಬರಿಗೆ ಹೊಳೆದಿರಬಹುದು. ಆದರೆ ಜೀವಂತ ಮನುಷ್ಯನ ಮೇಲೆ ಮೊದಲು ಯಶಸ್ಸು ಕಂಡವನು ಸಿವಿಯಾಲ್ ಎಂಬುದನ್ನು ವೈದ್ಯಲೋಕ ಒಪ್ಪಿಕೊಂಡಿದೆ. ನೆಕ್ಕರ್ ಆಸ್ಪತ್ರೆಯಲ್ಲಿ ಕಲ್ಲಿನ ರೋಗಿಗಳಿಗೆಂದೇ ಅವನ ಕೈಕೆಳಗೆ ಕೆಲವು ಹಾಸಿಗೆಗಳನ್ನು ಮೀಸಲಿಟ್ಟರು. ಜಗತ್ತಿನ ಮೊದಲ ಯೂರಾಲಜಿ ವಿಭಾಗ ಎಂದು ಹೇಳುವುದು ಇದನ್ನೇ.

ಸಿವಿಯಾಲ್‌ನ ಇನ್ನೊಂದು ಕೆಲಸ ಗಣಿತದ ವಿದ್ಯಾರ್ಥಿಗಳಿಗೆ ಹೆಚ್ಚು ರುಚಿಸಬಹುದು. ತನ್ನ ವಿಧಾನ ಮೇಲು ಎಂದು ಬಾಯಲ್ಲಿ ಹೇಳಿದರೆ ಸಾಲದೆಂದು ಅವನು ಯುರೋಪಿನ ಊರೂರುಗಳಿಂದ ಲೆಕ್ಕ ತರಿಸಿದ. ಎಷ್ಟು ಜನ ಕೊಯ್ಸಿಕೊಂಡರು, ಎಷ್ಟು ಜನ ಸತ್ತರು? ಸಾವಿರಾರು ರೋಗಿಗಳ ಲೆಕ್ಕ ಕೂಡಿತು. ಕೊಯ್ದವರಲ್ಲಿ ನೂರಕ್ಕೆ ಸುಮಾರು 20 ಸಾವು, ಒಳಗೇ ಒಡೆದವರಲ್ಲಿ ನೂರಕ್ಕೆ ಎರಡು ಮೂರು. 1835ರಲ್ಲಿ ವಿಜ್ಞಾನ ಅಕಾಡೆಮಿ ಈ ಲೆಕ್ಕವನ್ನು ಪರಿಶೀಲಿಸಲು ಸಮಿತಿ ನೇಮಿಸಿತು. ಅದರಲ್ಲಿದ್ದವರು ಯಾರು ಗೊತ್ತೆ? ಸಂಖ್ಯಾಶಾಸ್ತ್ರದ ಪಠ್ಯಗಳಲ್ಲಿ ‘ಪಾಯ್ಸಾನ್ ವಿತರಣೆ’ಯಾಗಿ ಉಳಿದಿರುವ ಪಾಯ್ಸಾನ್, ಭೌತಶಾಸ್ತ್ರದ ‘ಡ್ಯುಲಾಂಗ್ ಮತ್ತು ಪೆಟಿ ನಿಯಮ’ದ ಡ್ಯುಲಾಂಗ್, ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ, ಜೊತೆಗೆ ವೈದ್ಯ ದೂಬ್ಲ್.

ಸಮಿತಿಗೆ ಅಂಕಿಗಳು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಸಂಖ್ಯಾಶಾಸ್ತ್ರ ಮನುಷ್ಯನ ವೈಯಕ್ತಿಕತೆಯನ್ನು ಕಳಚಿ ಅವನನ್ನು ರಾಶಿಯ ಒಂದು ತುಣುಕಾಗಿ ನೋಡುತ್ತದೆ, ವೈದ್ಯನ ಮುಂದಿರುವುದಾದರೋ ಒಬ್ಬನೇ ರೋಗಿ ಎಂಬುದು ಅದರ ತಕರಾರು. ಈ ತಕರಾರನ್ನು ಹಳೆಯ ಕಾಲದ ಮೊಂಡುತನ ಎಂದು ತಳ್ಳಿಹಾಕುವಂತಿಲ್ಲ. ಸುಲಭದ ರೋಗಿಗಳನ್ನು ಆರಿಸಿಕೊಂಡು ಒಡೆದು, ದೊಡ್ಡ ಕಲ್ಲಿನವರನ್ನು ಕತ್ತಿಗೆ ಬಿಟ್ಟರೆ ಹೋಲಿಕೆ ನ್ಯಾಯವಾಗುವುದೆ? ಆದರೂ ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ಎಣಿಸಿ ನೋಡುವ ಅಭ್ಯಾಸ ಇಂದು ಔಷಧಗಳ ಪರೀಕ್ಷೆಯಲ್ಲಿ ರೂಢಿಯಾಗಿದೆ. ಎಣಿಸದೆ ನಂಬುವುದಕ್ಕಿಂತ, ತಪ್ಪಾದರೂ ಎಣಿಸಿ ಜಗಳವಾಡುವುದು ವಾಸಿಯಲ್ಲವೆ?

ಸಿವಿಯಾಲ್ 1867ರಲ್ಲಿ ತೀರಿಕೊಂಡ. ಅದೇ ವರ್ಷ ವಿಭಾಗ ಫೆಲಿಕ್ಸ್ ಗಿಯೋಂ ಕೈಗೆ ಬಂತು. ಈತ ಹುಟ್ಟಿದ್ದು 1831ರಲ್ಲಿ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ. ಮಾರಿಷಸ್ಸಿನ ನೆರೆಯ ಈ ದ್ವೀಪಕ್ಕೆ ದಕ್ಷಿಣ ಭಾರತದಿಂದಲೂ ಕಬ್ಬಿನ ತೋಟದ ಕೂಲಿಗಳು ಹೋಗಿದ್ದರು. ಸಿವಿಯಾಲ್ ಒಬ್ಬ ಕುಶಲಿ, ಗಿಯೋಂ ಗುರು. ಒಳಗಿನ ನಾಳದಲ್ಲಿ ಎಲ್ಲಿ ಅಡ್ಡಿಯಿದೆ ಎಂಬುದನ್ನು ಗುಂಡು ತುದಿಯ ತೆಳುವಾದ ಕಡ್ಡಿಯಿಂದ ಮುಟ್ಟಿ ತಿಳಿಯುವ ಕಲೆಗೆ ಆತನ ಕೈ ಹೆಸರಾಗಿತ್ತು. ಬಲ ಹಾಕಬೇಡಿ, ಕೈ ಹಗುರವಿರಲಿ ಎಂಬುದು ಆತ ಕಲಿಸಿದ ಶಿಸ್ತು. 1890ರಲ್ಲಿ ಪ್ಯಾರಿಸ್ ವೈದ್ಯಕೀಯ ವಿಭಾಗ ಮೂತ್ರರೋಗಗಳಿಗೆಂದೇ ಪ್ರಾಧ್ಯಾಪಕ ಪೀಠ ಸ್ಥಾಪಿಸಿ ಗಿಯೋಂನನ್ನು ಕೂರಿಸಿತು. 1907ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಯೂರಾಲಜಿ ಸಂಘಕ್ಕೂ ಆತನೇ ಅಧ್ಯಕ್ಷ. ನಮ್ಮಲ್ಲಿ ಈಗ ಎಂ.ಬಿ.ಬಿ.ಎಸ್. ಆದಮೇಲೆ ಎಂ.ಎಸ್. ಮೂರು ವರ್ಷ, ಆಮೇಲೆ ಯೂರಾಲಜಿಯಲ್ಲಿ ಎಂ.ಸಿಎಚ್. ಮೂರು ವರ್ಷ ಓದುವ ಪದ್ಧತಿಯಿದೆ. ಇದೊಂದು ಪ್ರತ್ಯೇಕ ಶಾಸ್ತ್ರ ಎಂದು ವಿಶ್ವವಿದ್ಯಾಲಯಗಳು ಒಪ್ಪಿಕೊಂಡದ್ದು ಇಂಥ ಪೀಠಗಳಿಂದಲೇ.

ಗಿಯೋಂ ಬಳಿಗೆ ದೂರದೂರದಿಂದ ಶಿಷ್ಯರು ಬಂದರು. ಅವರಲ್ಲಿ ಹೊವಾಕಿನ್ ಅಲ್ಬರಾನ್ ಕ್ಯೂಬಾದ ಸಗುವಾ ಲಾ ಗ್ರಾಂದೆ ಎಂಬ ಊರಿನವ, ಹುಟ್ಟಿದ್ದು 1860ರಲ್ಲಿ. ಚಿಕ್ಕವನಿದ್ದಾಗಲೇ ತಂದೆತಾಯಿಯನ್ನು ಕಳೆದುಕೊಂಡು, ಬಾರ್ಸಿಲೋನಾದಲ್ಲಿ ಓದಿ, ಪ್ಯಾರಿಸ್‌ಗೆ ಬಂದು ಅಲ್ಲೇ ನಿಂತ. ಪರದೇಶದ ಹುಡುಗ ಗುರುವಿನ ನಂತರ 1906ರಲ್ಲಿ ಅದೇ ಪೀಠ ಏರಿದ.

ಅಲ್ಬರಾನನ ಹೆಸರು ಇಂದಿಗೂ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಕೇಳಿಬರುತ್ತದೆ. ಆ ಹೊತ್ತಿಗೆ ಮೂತ್ರಕೋಶದ ಒಳಗನ್ನು ದೀಪ ಹಾಕಿ ನೋಡುವ ಸಿಸ್ಟೊಸ್ಕೋಪು ಬಂದಿತ್ತು. 1897ರಲ್ಲಿ ಅವನು ಅದಕ್ಕೊಂದು ಪುಟ್ಟ ಸನ್ನೆ ಸೇರಿಸಿದ. ಹೊರಗಿನಿಂದ ತಿರುಪು ತಿರುಗಿಸಿದರೆ ಒಳಗೆ ಸನ್ನೆ ಏಳುತ್ತದೆ. ತೆಳ್ಳನೆಯ ನಳಿಕೆಯ ಮೂತಿ ಬೇಕಾದ ಕಡೆಗೆ ತಿರುಗುತ್ತದೆ. ಇದರಿಂದೇನು ಲಾಭ? ಎರಡು ಮೂತ್ರಪಿಂಡಗಳಿಂದ ಬರುವ ಎರಡು ನಾಳಗಳಿಗೆ ಬೇರೆಬೇರೆಯಾಗಿ ನಳಿಕೆ ತೂರಿಸಬಹುದು, ಒಂದೊಂದರ ಮೂತ್ರವನ್ನೂ ಪ್ರತ್ಯೇಕವಾಗಿ ಹಿಡಿದು ಪರೀಕ್ಷಿಸಬಹುದು. ಕೆಟ್ಟ ಮೂತ್ರಪಿಂಡವನ್ನು ತೆಗೆಯುವ ಮುಂಚೆ ಇನ್ನೊಂದು ಇದೆಯೇ, ಇದ್ದರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವ ದಾರಿ ಹೀಗೆ ತೆರೆಯಿತು. ಅಲ್ಬರಾನ್ 1912ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು ಇನ್ನೂ 51. ಗುರು ಗಿಯೋಂ ಶಿಷ್ಯನ ನಂತರವೂ ಎಂಟು ವರ್ಷ ಬದುಕಿದ್ದ.

ಇನ್ನೊಂದು ಮೂತ್ರಪಿಂಡ ಇದೆಯೇ ಎಂಬ ಆ ಪ್ರಶ್ನೆ 1952ರ ಡಿಸೆಂಬರಿನಲ್ಲಿ ಭಯಂಕರವಾಗಿ ಎದುರಾಯಿತು. ಬಡಗಿ ಕೆಲಸಕ್ಕೆ ಹೋಗುತ್ತಿದ್ದ 16 ವರ್ಷದ ಹುಡುಗನೊಬ್ಬ ಕಟ್ಟಡದ ಸಾರುವೆಯಿಂದ ಬಿದ್ದ. ಬಲಗಡೆಯ ಮೂತ್ರಪಿಂಡ ಒಡೆದು ರಕ್ತ ಹರಿಯುತ್ತಿತ್ತು. ಜೀವ ಉಳಿಸಲು ಅದನ್ನು ತೆಗೆದರು. ಆಮೇಲೆ ತಿಳಿಯಿತು: ಹುಟ್ಟಿನಿಂದಲೇ ಅವನಿಗಿದ್ದದ್ದು ಒಂದೇ. ಹುಡುಗನನ್ನು ನೆಕ್ಕರ್‌ಗೆ ತಂದರು. ಅಲ್ಲಿದ್ದ ವೈದ್ಯ ಝಾನ್ ಹ್ಯಾಂಬರ್ಗರ್‌ಗೆ ಮಾಡುವುದೇನೂ ತೋಚಲಿಲ್ಲ. ಹಿಂದಿನ ವರ್ಷ ಪ್ಯಾರಿಸ್‌ನಲ್ಲಿ ಮರಣದಂಡನೆಗೆ ಒಳಗಾದ ಕೈದಿಗಳ ಮೂತ್ರಪಿಂಡಗಳನ್ನು ಕಸಿ ಮಾಡಿ ನೋಡಿದ್ದರು, ಯಾವುದೂ ನಿಂತಿರಲಿಲ್ಲ. ಡಯಾಲಿಸಿಸ್ ಯಂತ್ರ ನೆಕ್ಕರ್‌ಗೆ ಇನ್ನೂ ಬಂದಿರಲಿಲ್ಲ. ಆಗ ಹುಡುಗನ ತಾಯಿಯೇ ತನ್ನದೊಂದನ್ನು ತೆಗೆದುಕೊಳ್ಳಿ ಎಂದು ಹಟ ಹಿಡಿದಳು.

ವೈದ್ಯರಿಗೆ ಇದು ಸಣ್ಣ ಸಂಕಟವಲ್ಲ. ಆರೋಗ್ಯವಂತಳಾದ ಹೆಂಗಸನ್ನು ಕೊಯ್ಯಬೇಕು, ಅದರಿಂದ ಅವಳಿಗೆ ನಯಾಪೈಸೆಯ ಲಾಭವಿಲ್ಲ, ಮಗ ಉಳಿಯುವ ಭರವಸೆಯೂ ಇಲ್ಲ. ಕೊನೆಗೆ ಒಪ್ಪಿಕೊಂಡರು. ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ಲೂಯಿ ಮಿಶೋಂ ಮತ್ತು ಜೊತೆಯ ಶಸ್ತ್ರವೈದ್ಯರು ತಾಯಿಯ ಮೂತ್ರಪಿಂಡವನ್ನು ಮಗನ ಕೆಳಹೊಟ್ಟೆಗೆ ಜೋಡಿಸಿದರು. ಬದುಕಿರುವ ಬಂಧುವಿನಿಂದ ಪಡೆದ ಮೊದಲ ಕಸಿ ಅದು. ಮೂತ್ರಪಿಂಡ ಕೆಲಸ ಶುರುಮಾಡಿತು, ಹುಡುಗ ಚೇತರಿಸಿಕೊಂಡ. ಇಡೀ ಫ್ರಾನ್ಸ್ ಪತ್ರಿಕೆ, ರೇಡಿಯೋ ಮೂಲಕ ದಿನವೂ ಸುದ್ದಿಗೆ ಕಾಯುತ್ತಿತ್ತು. 22ನೇ ದಿನ ಅದು ನಿಂತಿತು. ಹುಡುಗನ ದೇಹ ಪರರ ಅಂಗವನ್ನು ಒಪ್ಪಲಿಲ್ಲ, ತಾಯಿಯದ್ದಾದರೂ. 1953ರ ಜನವರಿ ಮುಗಿಯುವ ಮುಂಚೆ ಅವನು ತೀರಿಕೊಂಡ.

ಎರಡು ವರ್ಷದ ನಂತರ, 1954ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್‍ರೇ ತದ್ರೂಪಿ ಅವಳಿಗಳ ನಡುವೆ ಕಸಿ ಮಾಡಿ ಗೆದ್ದರು. 1990ರಲ್ಲಿ ಅವರಿಗೆ ನೊಬೆಲ್ ಬಂತು. ಅವಳಿಗಳ ದೇಹಕ್ಕೆ ಅಣ್ಣನೂ ತಮ್ಮನೂ ಒಂದೇ ಆದ್ದರಿಂದ ಜಗಳವಿಲ್ಲ. ತದ್ರೂಪಿಗಳಲ್ಲದವರ ಗತಿಯೇನು? 1959ರಲ್ಲಿ ನೆಕ್ಕರ್‌ನಲ್ಲೇ ಹ್ಯಾಂಬರ್ಗರ್ ತಂಡ, ತದ್ರೂಪಿಗಳಲ್ಲದ ಅವಳಿ ಸಹೋದರರ ನಡುವೆ ಕಸಿ ಮಾಡಿತು. ದೇಹದ ಪ್ರತಿರೋಧವನ್ನು ಕುಗ್ಗಿಸಲು ಮೊದಲೇ ವಿಕಿರಣ ಹಾಯಿಸಿದ್ದರು. ಆ ರೋಗಿ ಎರಡು ದಶಕಕ್ಕೂ ಹೆಚ್ಚು ಕಾಲ ಬದುಕಿದ. ಆಮೇಲೆ ಔಷಧಗಳು ಬಂದವು. ಭಾರತದಲ್ಲಿ ಮೂತ್ರಪಿಂಡ ಕಸಿ ಮೊದಲು ಸಫಲವಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ನಮ್ಮ 1994ರ ಅಂಗಾಂಗ ಕಸಿ ಕಾಯ್ದೆ ದಾನ ಮಾಡಬಹುದಾದ ಹತ್ತಿರದ ಬಂಧುಗಳನ್ನು ಹೆಸರಿಸುವಾಗ ತಾಯಿಯೂ ಆ ಸಾಲಿನಲ್ಲಿದ್ದಾಳೆ.

ಇನ್ನು ಕಲ್ಲಿನ ಮಾತು. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹೊರಗಿನಿಂದಲೇ ಆಘಾತ ತರಂಗ ಹಾಯಿಸಿ ಮೂತ್ರಪಿಂಡದ ಕಲ್ಲನ್ನು ಪುಡಿಮಾಡಿದರು. ಈಗ ಲೇಸರ್ ಕಿರಣ ಹೊತ್ತ ಎಳೆಯೊಂದು ಮೂತ್ರನಾಳದ ಮೂಲಕವೇ ಹೋಗಿ ಕಲ್ಲನ್ನು ಧೂಳೆಬ್ಬಿಸುತ್ತದೆ. ದಾರಿ ಸಿವಿಯಾಲ್ ಹೋದದ್ದೇ. ವೈದ್ಯನಿಗೆ ಒಳಗಿನದು ಪರದೆಯ ಮೇಲೆ ಕಾಣುತ್ತದೆ, ರೋಗಿ ನಿದ್ರೆಯಲ್ಲಿರುತ್ತಾನೆ.

ನೆಕ್ಕರ್ ಪಕ್ಕದಲ್ಲೇ 1802ರಿಂದ ಮಕ್ಕಳ ಆಸ್ಪತ್ರೆಯೊಂದಿತ್ತು. 1920ರ ದಶಕದಲ್ಲಿ ಎರಡೂ ಒಂದಾದವು. ಮಕ್ಕಳ ಮೂತ್ರಾಂಗ ಶಸ್ತ್ರಚಿಕಿತ್ಸೆಗೆ, ಮೂತ್ರಪಿಂಡ ಕಸಿಗೆ ಜನ ಇಂದಿಗೂ ಇಲ್ಲಿಗೆ ಬರುತ್ತಾರೆ. ಹೊರಗಿನವರು ವಾರ್ಡುಗಳಿಗೆ ಹೋಗುವಂತಿಲ್ಲ, ಹೋಗಲೂಬಾರದು. ಆದರೆ ಅಂಗಳದಲ್ಲಿ ಒಂದು ವಿಚಿತ್ರ ಕಂಬದಂಥ ಕಟ್ಟಡ ಕಾಣುತ್ತದೆ. ಹಳೆಯ ಮಕ್ಕಳ ಶಸ್ತ್ರಚಿಕಿತ್ಸಾ ಕಟ್ಟಡದ ಹೊರಮೆಟ್ಟಿಲಿನ ಗೋಪುರವದು. ಎತ್ತರ 27 ಮೀಟರು. ಅಮೆರಿಕದ ಕಲಾವಿದ ಕೀತ್ ಹೇರಿಂಗ್ 1987ರಲ್ಲಿ ಅದರ ಸುತ್ತ ದಪ್ಪ ಕಪ್ಪು ಗೆರೆಗಳಲ್ಲಿ ಕುಣಿಯುವ ಮನುಷ್ಯರನ್ನು, ಗಾಢವಾದ ಬಣ್ಣಗಳನ್ನು ತುಂಬಿದ. ಒಳಗಿರುವ ಮಕ್ಕಳಿಗೆ ಖುಷಿಯಾಗಲಿ ಎಂಬುದು ಅವನ ಆಸೆ. ಮೂರು ವರ್ಷದ ನಂತರ, 31ನೇ ವಯಸ್ಸಿನಲ್ಲಿ, ಅವನು ಏಡ್ಸ್‌ನಿಂದ ತೀರಿಕೊಂಡ. ಹಳೆಯ ಕಟ್ಟಡವನ್ನು ಕೆಡವಿದಾಗ ಆಸ್ಪತ್ರೆಯವರು ಮೆಟ್ಟಿಲ ಗೋಪುರವನ್ನು ಮಾತ್ರ ಉಳಿಸಿಕೊಂಡರು. 2017ರಲ್ಲಿ ಅದಕ್ಕೆ ಮತ್ತೆ ಬಣ್ಣದ ಕಳೆ ಬಂದಿದೆ. ಯಾವ ಮಹಡಿಗೂ ಒಯ್ಯದ ಆ ಮೆಟ್ಟಿಲುಗಳು ಹಾಗೇ ಒಂಟಿಯಾಗಿ ನಿಂತಿವೆ.