ತಾತನ ಮಟ್ಟಿ, ನಿನ್ನ ಮ್ಯಾಟು

ತುರುವೇಕೆರೆ

ಪ್ರೀತಿಯ ಪುಟ್ಟೀ,

ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿದರೆ ಇನ್ನೂ ಗಲಗಲ ಅನ್ನುತ್ತಿಲ್ಲ. ಆದ್ದರಿಂದ ತಿಪಟೂರು ಮಾರ್ಕೆಟ್ಟಿನ ಕೊಬ್ಬರಿ ರೇಟು ಕೇಳಿ ಫೋನ್ ಮಾಡಬೇಡ ಅಂತ ನಿಮ್ಮಪ್ಪನಿಗೆ ಹೇಳು.

ನಿಜವಾದ ಹೊಡೆದಾಟ ಬಂದರೆ ತಾತನ ಗರಡಿ ವಿದ್ಯೆ ನಿಲ್ಲುತ್ತದಾ, ನಿನ್ನ ಜಿಮ್ಮಿನ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅದೇ ಎಂಎಂಎ, ನಿಲ್ಲುತ್ತದಾ ಅಂತ ಕೇಳಿದ್ದೀಯ. ಹಳೆಯದೆಲ್ಲ ಬರೀ ಡ್ಯಾನ್ಸು ಅಂದರಂತೆ ನಿಮ್ಮ ಕೋಚು. ಅದನ್ನ ತಾತನಿಗೆ ಓದಿ ಹೇಳಿದೆ. "ಕರ್ಕೊಂಡು ಬಾ ಅವನನ್ನ, ಕುಸ್ತಿ ಮಟ್ಟಿಗೆ ಇಳಿಸೋಣ" ಅಂದರು. ಬಸ್ಕಿ ಹಾಗಿರಲಿ, ಹೊಸ್ತಿಲು ದಾಟೋದಕ್ಕೇ ಅವರ ಮಂಡಿ ಒಪ್ಪುವುದಿಲ್ಲ. ಬಾಯಿ ಮಾತ್ರ ಇನ್ನೂ ಲಂಗೋಟಿ ಬಿಚ್ಚಿಲ್ಲ.

ನಾನು ಪಿ.ಟಿ. ಮೇಷ್ಟ್ರಾಗಿದ್ದವನು, ನನ್ನ ಲೆಕ್ಕ ಬೇರೆ. ನಿಮ್ಮ ಕೋಚು ಹೇಳಿದ್ದರಲ್ಲಿ ಅರ್ಧ ಸರಿ. ಗರಡಿಯ ಒಂದೇ ಸೂರಿನಡಿ ಎರಡು ಬಗೆಯ ವಿದ್ಯೆ ಇತ್ತು. ಒಂದು ದೊಣ್ಣೆ ವರಸೆ, ಕತ್ತಿ ವರಸೆ. ಜಾತ್ರೆ ಮೆರವಣಿಗೆಯಲ್ಲಿ ದೊಣ್ಣೆ ಸುಯ್ ಅಂತ ತಿರುಗುವುದನ್ನು ನೀನೂ ನೋಡಿದ್ದೀಯ. ಕಣ್ಣಿಗೆ ಹಬ್ಬ. ಆದರೆ ಎದುರಿಗಿರುವವನಿಗೆ ಏಟು ಯಾವಾಗ, ಎಲ್ಲಿಗೆ ಬರುತ್ತದೆ ಅಂತ ಮೊದಲೇ ಗೊತ್ತು. ಅವನು ಒಪ್ಪಿಕೊಂಡೇ ನಿಂತಿರುತ್ತಾನೆ. ಇನ್ನೊಂದು ಕುಸ್ತಿ. ಅಲ್ಲಿ ಒಪ್ಪುವ ಮಾತೇ ಇಲ್ಲ. ಬೆಳಗಾದರೆ ಮಟ್ಟಿಯಲ್ಲಿ ಒಬ್ಬ ನಿನ್ನನ್ನು ಬೀಳಿಸಲೇಬೇಕು ಅಂತ ಹಟ ಹಿಡಿದಿರುತ್ತಾನೆ, ಬೀಳಬಾರದು ಅಂತ ನೀನು. ದಿನಾ ಸಾವಿರ ಕಾಯಿ ಸುಲಿಯೋ ಆಳು ನಿನ್ನ ಮಣಿಕಟ್ಟು ಹಿಡಿದರೆ ಪುಸ್ತಕದ ಯಾವ ಪಟ್ಟಿಗೂ ಆ ಹಿಡಿತ ಬಿಡುವುದಿಲ್ಲ. ಅಂಥವನ ಜೊತೆ ಹೆಣಗಾಡಿ ಹೆಣಗಾಡಿಯೇ ಬಿಡಿಸಿಕೊಳ್ಳುವುದನ್ನು ತಾತ ಕಲಿತದ್ದು. ಹಳೇದು ಹೊಸದು ಅನ್ನೋ ಗೆರೆಯನ್ನು ನಿಮ್ಮ ಕೋಚು ತಪ್ಪು ಜಾಗದಲ್ಲಿ ಎಳೆದಿದ್ದಾರೆ, ಅಷ್ಟೇ. ಎದುರಾಳಿ ನಿಜವಾಗಿ ತಡೆಯುತ್ತಾನಾ ಅನ್ನೋದೊಂದನ್ನೇ ನಾನು ಕೇಳೋದು.

ಈ ಗುಟ್ಟನ್ನು ಚೆನ್ನಾಗಿ ಹಿಡಿದವರು ಜಪಾನಿನ ಜಿಗೊರೊ ಕಾನೊ, ಅವರೂ ಮೇಷ್ಟ್ರೇ. 1882ರಲ್ಲಿ ಟೋಕಿಯೊದಲ್ಲಿ ಹಳೆಯ ಜುಜುತ್ಸುವಿನಿಂದ ಜೂಡೊ ಕಟ್ಟಿದಾಗ, ಅಂಗ ಊನ ಮಾಡುವಂಥ ಪಟ್ಟುಗಳನ್ನು ಸೆಣಸಾಟದಿಂದ ತೆಗೆದರು. ಹಾಗಾಗಿ ಶಿಷ್ಯರು ದಿನವೂ ಪೂರ್ತಿ ಬಲ ಹಾಕಿ ಸೆಣಸಬಹುದಾಯಿತು. ಪ್ರಾಣಾಂತಿಕ ಪಟ್ಟುಗಳನ್ನು ಗಾಳಿಯಲ್ಲಿ ಅಭ್ಯಾಸ ಮಾಡಿದವರಿಗಿಂತ, ಸಾಧಾರಣ ಪಟ್ಟುಗಳನ್ನು ಮೈಮೇಲೆ ಅಭ್ಯಾಸ ಮಾಡಿದವರೇ ಗಟ್ಟಿಯಾದರು. ಆ ಜೂಡೊ ಹಡಗು ಹತ್ತಿ ಬ್ರೆಜಿಲ್‌ಗೆ ಹೋಯಿತು, ಗ್ರೇಸಿ ಮನೆತನದ ಕೈಗೆ ಸಿಕ್ಕಿ ಬ್ರೆಜಿಲಿಯನ್ ಜಿಯು-ಜಿತ್ಸು ಆಯಿತು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲನೇ ಯುಎಫ್‌ಸಿ ಎಂಎಂಎ ಪಂದ್ಯಾವಳಿ ನಡೆದಾಗ ರಾಯ್ಸ್ ಗ್ರೇಸಿ ಅನ್ನೋ ಸಪೂರ ಆಸಾಮಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ. ನಿಮ್ಮ ಕೋಚು ಕಲಿಸುವ ಜಿಯು-ಜಿತ್ಸುವಿನ ಕುಲಗೋತ್ರ ಇದು. ಅವರಿಗೂ ಒಬ್ಬ ತಾತ ಇದ್ದಾನೆ ಅಂತ ನೆನಪಿಸು.

ಇಷ್ಟು ಹೇಳಿದ್ದಕ್ಕೆ ತಾತ ತಕ್ಷಣ ವಜ್ರಮುಷ್ಟಿ ಕಾಳಗದ ಮಾತು ಎತ್ತಿದರು. ವಿಜಯದಶಮಿಯ ದಿನ ಮೈಸೂರು ಅರಮನೆಯೊಳಗೆ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನಚು ಆಯುಧ ತೊಟ್ಟು ಕಾದುತ್ತಾರಲ್ಲ, ಅದು ಡ್ಯಾನ್ಸಾ ಅಂತ. ಖಂಡಿತ ಅಲ್ಲ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿಗಳು ಜೋಡಿಯಾಗಿ ನಿಲ್ಲುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಆದರೆ ಗಮನಿಸು, ರಕ್ತ ಕಂಡ ಮೇಲೆ ನಿಲ್ಲಿಸಬೇಕು ಅನ್ನೋದೇ ಒಂದು ನಿಯಮ. ಮಧ್ಯೆ ಬಿದ್ದು ಬಿಡಿಸೋದಕ್ಕೆ ಹಿರಿಯರಿರುತ್ತಾರೆ. ನಿನ್ನ ರೆಫರಿಯ ಕೆಲಸವನ್ನೇ ಅಲ್ಲಿ ಅವರು ಮಾಡುತ್ತಾರೆ. ಇದನ್ನು ಹೇಳಿದಾಗ ತಾತ ಉತ್ತರ ಕೊಡದೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಅವರ ಮಟ್ಟಿಗೆ ಅದು ಒಪ್ಪಿಗೆ.

ನಿನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಒಂದು ಪಂದ್ಯ ತೋರಿಸಬೇಕು. ರಿತು ಫೋಗಟ್ ಗೊತ್ತಲ್ಲ, ಹರಿಯಾಣದ ಕುಸ್ತಿ ಗುರು ಮಹಾವೀರ್ ಫೋಗಟ್ ಅವರ ಮಗಳು. ಕುಸ್ತಿ ಬಿಟ್ಟು 2019ರಲ್ಲಿ ಎಂಎಂಎಗೆ ಬಂದಳು. 2021ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಒನ್ ಚಾಂಪಿಯನ್‌ಶಿಪ್‌ನ ಗ್ರ್ಯಾಂಡ್ ಪ್ರೀ ಫೈನಲ್ಲಿಗೆ ನಿಂತಳು. ಎದುರಿಗೆ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್. ಅವಳು ಮುವಾಯ್ ಥಾಯ್ ಆಡುವ ಅಪ್ಪನ ಮಗಳು, ಒದೆತ ಗುದ್ದಾಟದಲ್ಲಿ ಬೆಳೆದವಳು. ನೆಲಕ್ಕೆ ಕೆಡವಿದರೆ ರಿತು ಗೆದ್ದಳು ಅಂತ ಯಾರಾದರೂ ಹೇಳುತ್ತಿದ್ದರು. ಆದರೆ ಎರಡನೇ ಸುತ್ತಿನಲ್ಲಿ ಅದೇ ನೆಲದ ಮೇಲೆ ಸ್ಟ್ಯಾಂಪ್ ಅವಳ ತೋಳನ್ನು ಕಾಲ ಸಂದಿಯಲ್ಲಿ ಸಿಕ್ಕಿಸಿ ಸೋಲೊಪ್ಪಿಸಿದಳು. ತನ್ನ ಹಳೇ ವಿದ್ಯೆಯನ್ನು ಬಿಡದೆ, ಅದರಲ್ಲಿ ಇಲ್ಲದ್ದನ್ನು ಕಲಿತು ಬಂದಿದ್ದಳು. ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿ ಚಿತ್ ಆದರೆ ಆಟ ಮುಗಿಯಿತು. ಅಲ್ಲಿಂದಲೇ ಇನ್ನೊಂದು ಆಟ ಶುರುವಾಗುತ್ತದೆ ಅಂತ ಗರಡಿ ಯಾವತ್ತೂ ಹೇಳಿಕೊಡಲಿಲ್ಲ. ಗರಡಿಯ ದೊಡ್ಡ ಕೊರತೆ ನನ್ನ ಪ್ರಕಾರ ಇದೇ. ಮುಖಕ್ಕೆ ಗುದ್ದು ಬರುತ್ತದೆ ಅನ್ನೋದನ್ನೂ ಅದು ಕಲಿಸಲಿಲ್ಲ.

ಇನ್ನು "ನಿಜವಾದ ಹೊಡೆದಾಟ" ಅಂದೆಯಲ್ಲ. ಚಿಕ್ಕನಾಯಕನಹಳ್ಳಿಯಿಂದ ಇಲ್ಲೀತನಕ ನಮ್ಮ ಸೀಮೆಯಲ್ಲಿ ಅದು ಹೇಗೆ ಹುಟ್ಟುತ್ತದೆ ಹೇಳು? ಬದು ಒತ್ತಿದರು, ಗಡಿ ಮರದ ಕಾಯಿ ಕೆಡವಿದರು, ಬೋರಿನ ನೀರು ತಿರುಗಿಸಿದರು. ಒಬ್ಬನಿಗೆ ಒಬ್ಬ ಅಂತ ಯಾರೂ ಜೋಡಿ ಕಟ್ಟುವುದಿಲ್ಲ, ಅಣ್ಣ ತಮ್ಮ ಭಾವಮೈದ ಎಲ್ಲ ಬರುತ್ತಾರೆ. ಎಳನೀರು ಕೆತ್ತುವ ಮಚ್ಚು ಇಲ್ಲದ ಮನೆ ಇಲ್ಲ. ಮಚ್ಚಿನ ಎದುರು ಗರಡಿಯೂ ಇಲ್ಲ, ಜಿಮ್ಮೂ ಇಲ್ಲ, ಕಾಲಿಗೆ ಬುದ್ಧಿ ಹೇಳೋದೊಂದೇ. ಸಿಮೆಂಟ್ ರಸ್ತೆಯಲ್ಲಿ ನೀನು ಒಬ್ಬನ ತೋಳಿಗೆ ಜೋತು ಬಿದ್ದಿದ್ದರೆ ಅವನ ಸ್ನೇಹಿತ ನಿನ್ನ ತಲೆಗೆ ಒದೆಯುತ್ತಾನೆ. ಅಲ್ಲಿ ತಾತನ ಕುಸ್ತಿಯೇ ಮೇಲು. ಮೈಮೇಲೆ ಬಿದ್ದವನನ್ನು ಕೊಡವಿ ನಿಂತುಕೊಂಡೇ ಇರೋದನ್ನು ಅದು ಕಲಿಸುತ್ತದೆ. ನಿನ್ನ ಬಾಕ್ಸಿಂಗ್ ಏಟು ತಿಂದೂ ಕಣ್ಣು ತೆರೆದಿರೋದನ್ನು ಕಲಿಸುತ್ತದೆ. ಎರಡೂ ಸೇರಿದರೆ ಓಡುವಷ್ಟು ಹೊತ್ತು ಸಿಗುತ್ತದೆ. ಅಷ್ಟು ಸಿಕ್ಕರೆ ಸಾಕು ಅಂತ ನಿನ್ನ ಚಿಕ್ಕಮ್ಮನೂ ಹೇಳುತ್ತಿದ್ದಾಳೆ, ಅವಳು ಈ ಕಾಗದ ಇಣುಕಿ ಓದುತ್ತಿದ್ದಾಳೆ.

ಇನ್ನೊಂದು ಮಾತು, ಜಿಮ್ಮಿನಲ್ಲಿ ಇದನ್ನು ಹೇಳುತ್ತಾರೋ ಇಲ್ಲವೋ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲಿದೆ, ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಕುತ್ತಿಗೆ ಪಟ್ಟು ಹಾಕಿದೆ, ಅವನು ಮೆತ್ತಗಾದ, ಆಮೇಲೂ ಹಿಡಿದೇ ಇದ್ದೆ ಅಂದರೆ ಕಟಕಟೆಯಲ್ಲಿ ನಿಲ್ಲೋದು ನೀನು. ಬಿಡೋದನ್ನೂ ಅಭ್ಯಾಸ ಮಾಡು.

ದಸರಾ ರಜೆಗೆ ಬಾ. ಅರಮನೆಯ ವಜ್ರಮುಷ್ಟಿಗೆ ನಮಗೆ ಪಾಸು ಯಾರು ಕೊಡುತ್ತಾರೆ, ಅದು ಟಿವಿಯಲ್ಲಾಯಿತು. ಮೈಸೂರಿನಲ್ಲೇ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿ ನಡೆಯುತ್ತದೆ, ಹೆಣ್ಣುಮಕ್ಕಳ ಪಂದ್ಯಗಳೂ ಇರುತ್ತವೆ. ತಾತನನ್ನು ಕಾರಿನಲ್ಲಿ ಕರೆದೊಯ್ಯೋಣ. ನಿಮ್ಮ ಕೋಚಿಗೂ ಬರೋದಕ್ಕೆ ಹೇಳು. ಊಟ ನಮ್ಮ ಕಡೆಯಿಂದ. ಆದರೆ ತಾತನ ಪಕ್ಕದ ಸೀಟು ಅವರಿಗೇ.

ನಿನ್ನ
ಚಿಕ್ಕಪ್ಪ